ಸಾಫ್ಟ್‌ನರ್ ಇದ್ದರೆ ಸಾಲದು, ಅದರ ಅಳತೆಯೂ ಗೊತ್ತಿರಲಿ



ಸೋಲದೇವನಹಳ್ಳಿಯ ನನ್ನ ದವಾಖಾನೆಗೆ ಅರವತ್ತೈದು ದಾಟಿದ ಖಾಲಾ ಒಬ್ಬರು ಮಂಡಿ ನೋವಿಗೆ ಔಷಧಿ ಕೇಳಿಕೊಂಡು ಬರುತ್ತಾರೆ. ಅವರಿಗೆ ಬಹಳ ವರ್ಷಗಳಿಂದ ಬಿ.ಪಿ. ಇದೆ. ಅದಕ್ಕೆ ಬೇರೆ ಡಾಕ್ಟರ ಬಳಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಒಮ್ಮೆ ಬಂದಾಗ ಎರಡೂ ಪಾದಗಳು ಊದಿಕೊಂಡಿದ್ದವು. ಬಿ.ಪಿ. ನೋಡಿದೆ, 170/100. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ ಎಂದರು. ಉಪ್ಪಿನಕಾಯಿ, ಹಪ್ಪಳ ನಿಲ್ಲಿಸಿ ಆರು ತಿಂಗಳಾಯಿತು ಎಂದು ಜೊತೆಗಿದ್ದ ಸೊಸೆಯೂ ಹೇಳಿದರು. ಎದ್ದು ಹೊರಡುವಾಗ ಖಾಲಾ ಒಂದು ಮಾತು ಸೇರಿಸಿದರು: "ಹಕೀಮ್ ಸಾಬ್, ಅದೇನೋ ಗೊತ್ತಿಲ್ಲ, ಫಜ್ರ್ ಆದ್ಮೇಲೆ ಕುಡಿಯೋ ಚಹಾ ಮಾತ್ರ ಉಪ್ಪುಪ್ಪಾಗಿರುತ್ತೆ. ಸಂಜೆ ಚಹಾ ಸರಿಯಾಗೇ ಇರುತ್ತೆ."

ಅವರ ಮನೆ ನಮ್ಮಿಂದ ಎರಡು ಬೀದಿ ಆಚೆ. ಅಸ್ರ್ ಮುಗಿಸಿ ಹೋಗಿ ನೋಡಿದೆ. ಸಂಪಿನ ಪಕ್ಕದಲ್ಲಿ ಒಂದು ಆಟೋಮ್ಯಾಟಿಕ್ ವಾಟರ್ ಸಾಫ್ಟ್‌ನರ್ ಇತ್ತು. ಕರೆಂಟು ಹೋಗಿ ಬಂದಾಗ ಅದರ ಗಡಿಯಾರ ಮೂರು ಗಂಟೆ ಹಿಂದೆ ಬಿದ್ದಿತ್ತು. ರಾತ್ರಿ 2ಕ್ಕೆ ಶುರುವಾಗಬೇಕಾದ ಉಪ್ಪಿನ ತೊಳೆತ ಬೆಳಗ್ಗೆ 5ಕ್ಕೆ ಶುರುವಾಗುತ್ತಿತ್ತು. ನೀರು ಉಳಿಯಲಿ ಎಂದು ಯಾರೋ ಕೊನೆಯ ತೊಳೆತದ ಸಮಯವನ್ನೂ ಕಡಿಮೆ ಮಾಡಿದ್ದರು. ಹಾಗಾಗಿ ಒಳಗೆ ಉಳಿದ ಉಪ್ಪುನೀರು ಬೆಳಗ್ಗೆ ಆರೂವರೆಯ ಚಹಾದ ಪಾತ್ರೆಗೆ ಬರುತ್ತಿತ್ತು. ಅಡುಗೆಮನೆಯಲ್ಲಿ ಆರ್‌ಓ ಇತ್ತು, ಆದರೆ ಅದು ಕುಡಿಯಲು ಮಾತ್ರ. ಚಹಾ, ಅನ್ನ, ಸಾರು ಎಲ್ಲಕ್ಕೂ ನಲ್ಲಿಯ ನೀರೇ.

ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ಈಗ ಸಾಫ್ಟ್‌ನರ್ ಇದೆ. ಕೂರಿಸಿದವರು ಒಮ್ಮೆ ಸೆಟ್ಟಿಂಗ್ ಮಾಡಿ ಹೋಗುತ್ತಾರೆ. ಆಮೇಲೆ ಉಪ್ಪು ಸುರಿಯುವುದಷ್ಟೇ ನಮ್ಮ ಕೆಲಸ ಎಂದುಕೊಳ್ಳುತ್ತೇವೆ. ಆದರೆ ಆ ಯಂತ್ರದ ನಾಲ್ಕೈದು ಅಂಕಿಗಳಿಗೂ ನಿಮ್ಮ ಮನೆಯವರ ಆರೋಗ್ಯಕ್ಕೂ ನೇರ ಸಂಬಂಧವಿದೆ. ಅವನ್ನು ತಿಳಿದುಕೊಳ್ಳಲು ಇಂಜಿನಿಯರ್ ಆಗಬೇಕಾಗಿಲ್ಲ.

ನಮ್ಮ ನೀರು ಏಕೆ ಗಡಸು?

1890ರ ದಶಕದಲ್ಲಿ ಬೆಂಗಳೂರಿಗೆ ಮೊದಲ ಬಾರಿ ಕೊಳವೆ ನೀರು ಬಂದದ್ದು ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ. ಅಲ್ಲಿಂದ ಹರಿದು ಬಂದ ನೀರನ್ನು ಊರಿನ ಕಡೆಗೆ ಎತ್ತುತ್ತಿದ್ದ ಪಂಪು ನಮ್ಮ ಸೋಲದೇವನಹಳ್ಳಿಯಲ್ಲೇ ಇತ್ತು. ಊರಿಗೆಲ್ಲ ಕೆರೆಯ ನೀರು ಕಳಿಸಿದ ಜಾಗದಲ್ಲಿ ಇಂದು ನಾವು ಬೋರ್‌ವೆಲ್ ಮತ್ತು ಟ್ಯಾಂಕರನ್ನು ನಂಬಿ ಕುಳಿತಿದ್ದೇವೆ. ಮಳೆನೀರು ಮೆದುವಾಗಿರುತ್ತದೆ. ಅದೇ ನೀರು ನೂರಾರು ಅಡಿ ಕೆಳಗೆ ಬಂಡೆಯ ಸೀಳುಗಳಲ್ಲಿ ಬಹುಕಾಲ ನಿಂತು ಸುಣ್ಣದಂಶ (ಕ್ಯಾಲ್ಸಿಯಂ) ಮತ್ತು ಮೆಗ್ನೀಷಿಯಂ ಹೀರಿಕೊಂಡು ಗಡಸಾಗುತ್ತದೆ. ಬಕೆಟಿನ ಬಿಳಿ ಕಲೆ, ಗೀಸರಿನ ಕಾಯಿಲ್ ಮೇಲಿನ ಕಲ್ಲು, ನೊರೆ ಬಾರದ ಸೋಪು, ಎಲ್ಲಕ್ಕೂ ಇದೇ ಕಾರಣ.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಸಿಗದಿದ್ದರೆ 600ರವರೆಗೆ ಒಪ್ಪಬಹುದು.

ಯಂತ್ರದೊಳಗೆ ನಡೆಯುವುದೇನು?

ಸಾಫ್ಟ್‌ನರಿನ ಉದ್ದ ಸಿಲಿಂಡರಿನಲ್ಲಿ ಸಾಸಿವೆ ಗಾತ್ರಕ್ಕಿಂತ ಚಿಕ್ಕದಾದ ರೆಸಿನ್ ಮಣಿಗಳಿರುತ್ತವೆ. ಅವು ತಮ್ಮ ಮೈಮೇಲೆ ಸೋಡಿಯಂ ಹಿಡಿದುಕೊಂಡಿರುತ್ತವೆ. ಗಡಸು ನೀರು ಹರಿದಾಗ ಮಣಿಗಳು ಸುಣ್ಣದಂಶವನ್ನು ಹಿಡಿದು, ಅದಕ್ಕೆ ಬದಲಾಗಿ ಸೋಡಿಯಂ ಬಿಟ್ಟುಕೊಡುತ್ತವೆ. ಇದೊಂದು ವಿನಿಮಯ. ಕೆಲವು ದಿನಗಳಲ್ಲಿ ಸೋಡಿಯಂ ಮುಗಿಯುತ್ತದೆ. ಆಗ ಪಕ್ಕದ ಡ್ರಮ್ಮಿನ ಉಪ್ಪುನೀರನ್ನು ಒಳಗೆ ಎಳೆದು ಮಣಿಗಳನ್ನು ತೊಳೆದು ಮತ್ತೆ ಸಜ್ಜುಗೊಳಿಸಬೇಕು. ಇದಕ್ಕೆ ರೀಜನರೇಷನ್ ಎನ್ನುತ್ತಾರೆ.

ಇಲ್ಲಿ ಮುಖ್ಯವಾದದ್ದು ಇದು: ಸಾಫ್ಟ್‌ನರ್ ನೀರಿನಲ್ಲಿರುವುದನ್ನು ತೆಗೆದುಹಾಕುವುದಿಲ್ಲ, ಒಂದರ ಜಾಗದಲ್ಲಿ ಇನ್ನೊಂದನ್ನು ಇಡುತ್ತದೆ. ಆದ್ದರಿಂದ ಟಿಡಿಎಸ್ ಮೀಟರ್ ಅದ್ದಿ ಸಾಫ್ಟ್‌ನರನ್ನು ಪರೀಕ್ಷಿಸಬೇಡಿ. ಮೊದಲೂ ಆಮೇಲೂ ಟಿಡಿಎಸ್ ಹೆಚ್ಚುಕಡಿಮೆ ಒಂದೇ ಇರುತ್ತದೆ. ಸಾವಿರ ವರ್ಷದ ಹಿಂದೆ ಇಬ್ನ್ ಸೀನಾ ತಮ್ಮ ಅಲ್ ಖಾನೂನ್ ಗ್ರಂಥದಲ್ಲಿ ನೀರನ್ನು ಹೋಲಿಸುವ ಒಂದು ಉಪಾಯ ತಿಳಿಸಿದ್ದಾರೆ. ಒಂದೇ ತೂಕದ ಎರಡು ಹತ್ತಿಯ ತುಂಡುಗಳನ್ನು ಎರಡು ಬಗೆಯ ನೀರಿನಲ್ಲಿ ನೆನೆಸಿ, ಚೆನ್ನಾಗಿ ಒಣಗಿಸಿ ತೂಗಬೇಕು. ಯಾವ ತುಂಡು ಹಗುರವೋ ಆ ನೀರು ಉತ್ತಮ. ನೀರು ಆರಿದ ಮೇಲೆ ಉಳಿಯುವ ಲವಣದ ತೂಕವನ್ನೇ ಅವರು ಅಳೆಯುತ್ತಿದ್ದರು. ನಿಮ್ಮ ಬೋರ್ ನೀರು ಮತ್ತು ಸಾಫ್ಟ್‌ನರ್ ನೀರನ್ನು ಅವರ ತಕ್ಕಡಿಗೆ ಹಾಕಿದರೆ ಎರಡು ತುಂಡೂ ಸರಿಸುಮಾರು ಒಂದೇ ತೂಗುತ್ತವೆ.

ಹಾಗೆಯೇ ಸಾಫ್ಟ್‌ನರ್ ಫ್ಲೋರೈಡ್, ನೈಟ್ರೇಟ್ ತೆಗೆಯುವುದಿಲ್ಲ, ರೋಗಾಣುಗಳನ್ನೂ ಕೊಲ್ಲುವುದಿಲ್ಲ.

ಎಷ್ಟು ಸೋಡಿಯಂ ಸೇರುತ್ತದೆ?

ಪ್ರತಿ 1 ಮಿಲಿಗ್ರಾಂ ಗಡಸುತನಕ್ಕೆ ಸುಮಾರು 0.46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಬೋರ್ ನೀರಿನ ಗಡಸುತನ 500 ಎಂದುಕೊಳ್ಳಿ. ಯಂತ್ರ ಸರಿಯಾಗಿದ್ದರೂ ಪ್ರತಿ ಲೀಟರಿಗೆ 230 ಮಿಲಿಗ್ರಾಂ ಸೋಡಿಯಂ ಬರುತ್ತದೆ. ಕುಡಿಯಲು, ಚಹಾಕ್ಕೆ, ಅಡುಗೆಗೆ ಸೇರಿ ದಿನಕ್ಕೆ 3 ಲೀಟರ್ ಹೊಟ್ಟೆಗೆ ಹೋದರೆ 690 ಮಿಲಿಗ್ರಾಂ. ದೊಡ್ಡವರಿಗೆ ದಿನಕ್ಕೆ 2000 ಮಿಲಿಗ್ರಾಂ ಸೋಡಿಯಂಗಿಂತ ಕಡಿಮೆ, ಅಂದರೆ 5 ಗ್ರಾಂ ಉಪ್ಪಿಗಿಂತ ಕಡಿಮೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಾರಿಗೆ ಒಂದು ಚಿಟಿಕೆ ಉಪ್ಪು ಹಾಕುವ ಮೊದಲೇ ಅದರ ಮೂರನೇ ಒಂದು ಭಾಗ ನೀರಿನಿಂದಲೇ ಮುಗಿಯಿತು. ಬಿ.ಪಿ., ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರಿಗೆ ಇದು ಸಣ್ಣ ಮಾತಲ್ಲ. ಪುಟ್ಟ ಮಕ್ಕಳ ಹಾಲಿನ ಪುಡಿಯನ್ನು ಈ ನೀರಿನಲ್ಲಿ ಕಲಸಲೇಬಾರದು.

ಆದ್ದರಿಂದ ಮೊದಲ ನಿಯಮ: ಮೆದು ನೀರು ಸ್ನಾನಕ್ಕೆ, ಬಟ್ಟೆಗೆ, ಗೀಸರಿಗೆ, ವುಝೂಗೆ. ಅಡುಗೆಮನೆಯಲ್ಲಿ ಕುಡಿಯಲೂ ಬೇಯಿಸಲೂ ಆರ್‌ಓ ನೀರು. ಆರ್‌ಓ ಸೋಡಿಯಮ್ಮಿನ ಬಹುಭಾಗವನ್ನು ತಡೆಯುತ್ತದೆ. ಇಲ್ಲವಾದರೆ ಸಾಫ್ಟ್‌ನರಿಗೆ ಹೋಗುವ ಮೊದಲೇ ಒಂದು ಬೇರೆ ಪೈಪನ್ನು ಅಡುಗೆಮನೆಗೆ ಎಳೆಸಿ, ಆ ನೀರನ್ನು ಶುದ್ಧೀಕರಿಸಿ ಬಳಸಿ.

ಅಳೆಯದೆ ಸೆಟ್ಟಿಂಗ್ ಮಾಡಬೇಡಿ

ನಾಡಿ ನೋಡದೆ ಔಷಧಿ ಬರೆಯುವ ಹಕೀಮನನ್ನು ನೀವು ನಂಬುತ್ತೀರಾ? ನೀರನ್ನು ಅಳೆಯದೆ ಮಾಡಿದ ಸೆಟ್ಟಿಂಗ್ ಕೂಡ ಹಾಗೆಯೇ. ಹನಿ ಹಾಕಿ ನೋಡುವ ಗಡಸುತನದ ಕಿಟ್ ಅಂಗಡಿಯಲ್ಲಿ ಸಿಗುತ್ತದೆ. ನೀರಿಗೆ ಬಣ್ಣದ ಪುಡಿ ಹಾಕಿದರೆ ಕೆಂಪಾಗುತ್ತದೆ. ಒಂದೊಂದೇ ಹನಿ ಹಾಕುತ್ತಾ ಹೋಗಿ, ಪೂರ್ತಿ ನೀಲಿಯಾದಾಗ ಹನಿಗಳನ್ನು ಎಣಿಸಿ ಲೆಕ್ಕ ಹಾಕಬೇಕು. ಒಂದು ಹನಿಗೆ ಎಷ್ಟು ಎಂಬುದು ಡಬ್ಬಿಯ ಮೇಲೆಯೇ ಇರುತ್ತದೆ. ಬೇಡವೆಂದರೆ ಒಂದು ಬಾಟಲಿ ನೀರನ್ನು ಪ್ರಯೋಗಾಲಯಕ್ಕೆ ಕೊಡಿ.

ಟ್ಯಾಂಕರ್ ನೀರು ತರಿಸುವವರು ಒಂದು ಬಾರಿ ಅಳೆದು ಸುಮ್ಮನಾಗಬೇಡಿ. ಇಂದಿನ ಟ್ಯಾಂಕರ್ ಒಂದು ಬೋರಿನದು, ನಾಳೆಯದು ಇನ್ನೊಂದರದು. ಸಾವಿರಾರು ಬೋರ್‌ವೆಲ್‌ಗಳು ಬತ್ತಿದ 2024ರ ಬೇಸಿಗೆಯನ್ನು ಬೆಂಗಳೂರಿನವರು ಮರೆತಿಲ್ಲ. ಅಂಥ ದಿನಗಳಲ್ಲಿ ನೀರು ಎಲ್ಲಿಂದ ಬರುತ್ತದೆಂದು ಹೇಳಲಾಗದು. ಮೂರು ನಾಲ್ಕು ಟ್ಯಾಂಕರುಗಳ ನೀರು ಅಳೆದು, ಅತಿ ಹೆಚ್ಚು ಬಂದ ಅಂಕಿಯನ್ನು ಇಟ್ಟುಕೊಳ್ಳಿ.

ಆರು ಸೆಟ್ಟಿಂಗ್‌ಗಳು

ಯಾವುದನ್ನು ಮುಟ್ಟುವ ಮೊದಲೂ ಈಗಿರುವ ಅಂಕಿಗಳ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಲಾಕ್ ಆಗಿದ್ದರೆ ಮೆಕ್ಯಾನಿಕನ್ನು ಕರೆಸಿ, ಪಕ್ಕದಲ್ಲೇ ನಿಂತು ಹೇಳಿ ಮಾಡಿಸಿ.

1. ಗಡಸುತನದ ಅಂಕಿ. ಇಲ್ಲಿ ಅಳತೆಯ ಮಾನ ನೋಡಿ. ಕೆಲವು ಯಂತ್ರಗಳು ಮಿಲಿಗ್ರಾಂ ಅಥವಾ ಪಿಪಿಎಂ ಕೇಳುತ್ತವೆ, ಕೆಲವು ಗ್ರೇನ್ ಕೇಳುತ್ತವೆ. 17.1 ಪಿಪಿಎಂ ಎಂದರೆ 1 ಗ್ರೇನ್. 500 ಪಿಪಿಎಂ ಇದ್ದರೆ 500ನ್ನು 17.1ರಿಂದ ಭಾಗಿಸಿ 29 ಎಂದು ಹಾಕಬೇಕು.

2. ಎಷ್ಟು ನೀರಿಗೊಮ್ಮೆ ತೊಳೆತ. ಖಾಲಾ ಅವರ ಮನೆಯ ಲೆಕ್ಕವನ್ನೇ ನೋಡೋಣ. ಆರು ಜನ; ತಲಾ 135 ಲೀಟರಿನಂತೆ ದಿನಕ್ಕೆ ಸುಮಾರು 800 ಲೀಟರ್. ಗಡಸುತನ ಲೀಟರಿಗೆ 500 ಮಿಲಿಗ್ರಾಂ, ಅಂದರೆ ಅರ್ಧ ಗ್ರಾಂ. ದಿನಕ್ಕೆ ಯಂತ್ರ ಹಿಡಿಯಬೇಕಾದ ಗಡಸುತನ 400 ಗ್ರಾಂ. ರೆಸಿನ್ 25 ಲೀಟರ್ ಇದೆ. ಪ್ರತಿ ಲೀಟರ್ ರೆಸಿನಿಗೆ 100 ಗ್ರಾಂ ಉಪ್ಪು ಕೊಟ್ಟರೆ ಅದು ಸುಮಾರು 45 ಗ್ರಾಂ ಗಡಸುತನ ಹಿಡಿಯುತ್ತದೆ. 25 ಲೀಟರಿಗೆ 1125 ಗ್ರಾಂ. ಅಂದರೆ ಒಂದು ತೊಳೆತಕ್ಕೆ 2250 ಲೀಟರ್ ಮೆದು ನೀರು. ಮಧ್ಯದಲ್ಲಿ ಮುಗಿಯದಿರಲೆಂದು ಒಂದು ದಿನದ 800 ಲೀಟರ್ ಬಿಟ್ಟು, ಮೀಟರ್ ಇರುವ ಯಂತ್ರದಲ್ಲಿ 1450 ಎಂದು ಹಾಕಬಹುದು. ಮೀಟರ್ ಇಲ್ಲದೆ ದಿನದ ಲೆಕ್ಕದಲ್ಲಿ ನಡೆಯುವ ಯಂತ್ರವಾದರೆ ಎರಡು ದಿನಕ್ಕೊಮ್ಮೆ. ನಿಮ್ಮ ಮನೆಯ ಜನ, ಗಡಸುತನ, ರೆಸಿನಿನ ಅಳತೆ ಹಾಕಿ ಇದೇ ರೀತಿ ಲೆಕ್ಕ ಮಾಡಿ.

3. ಉಪ್ಪಿನ ಪ್ರಮಾಣ. ಹೆಚ್ಚು ಉಪ್ಪು ಸುರಿದಷ್ಟೂ ಒಳ್ಳೆಯದು ಎಂಬುದು ತಪ್ಪು. ಲೀಟರ್ ರೆಸಿನಿಗೆ 100 ಗ್ರಾಂ ಬದಲು 240 ಗ್ರಾಂ ಕೊಟ್ಟರೆ ಉಪ್ಪು 2.4 ಪಟ್ಟಾಗುತ್ತದೆ, ಸಾಮರ್ಥ್ಯ ಮಾತ್ರ ಒಂದೂವರೆ ಪಟ್ಟು. ಉಳಿದದ್ದು ಮೋರಿಗೆ. ಆಟೋಮ್ಯಾಟಿಕ್ ಯಂತ್ರದಲ್ಲಿ ಉಪ್ಪಿನ ಪ್ರಮಾಣ ತೀರ್ಮಾನವಾಗುವುದು ಡ್ರಮ್ಮಿಗೆ ಎಷ್ಟು ನೀರು ತುಂಬುತ್ತದೆ ಎಂಬುದರಿಂದ, ಡ್ರಮ್ಮಿನಲ್ಲಿ ಎಷ್ಟು ಮೂಟೆ ಇದೆ ಎಂಬುದರಿಂದಲ್ಲ. ಒಂದು ಲೀಟರ್ ನೀರಿನಲ್ಲಿ ಸುಮಾರು 360 ಗ್ರಾಂ ಉಪ್ಪು ಕರಗುತ್ತದೆ. ಎರಡೂವರೆ ಕೆ.ಜಿ. ಬೇಕಾದರೆ 7 ಲೀಟರ್ ನೀರು ಸಾಕು. ನಿಮಿಷಕ್ಕೆ ಎಷ್ಟು ಲೀಟರ್ ತುಂಬುತ್ತದೆ ಎಂದು ಯಂತ್ರದ ಪುಸ್ತಕದಲ್ಲಿ ನೋಡಿ, ಅಷ್ಟು ನಿಮಿಷ ಇಡಿ.

4. ಕೊನೆಯ ತೊಳೆತ. ಇದನ್ನು ಎಂದೂ ಕಡಿಮೆ ಮಾಡಬೇಡಿ. ತೊಳೆತ ಮುಗಿದ ತಕ್ಷಣದ ನೀರನ್ನು ನಾಲಿಗೆಯ ತುದಿಗೆ ಇಟ್ಟು ಉಗುಳಿ. ಉಪ್ಪೆನಿಸಿದರೆ ಎರಡು ಮೂರು ನಿಮಿಷ ಹೆಚ್ಚಿಸಿ. ಹೆಚ್ಚಿಸಿದ ಮೇಲೂ ಉಪ್ಪಾಗಿದ್ದರೆ ವಾಲ್ವಿನೊಳಗೆ ಸೋರಿಕೆ ಇರಬಹುದು, ಮೆಕ್ಯಾನಿಕ್ ಬೇಕು.

5. ಗಡಿಯಾರ ಮತ್ತು ಗಂಟೆ. ಒಂದು ರೀಜನರೇಷನ್ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ. ಆ ಹೊತ್ತಿನಲ್ಲಿ ನಲ್ಲಿ ತೆರೆದರೆ ಬಹುತೇಕ ಯಂತ್ರಗಳಲ್ಲಿ ಗಡಸು ನೀರೇ ಬರುತ್ತದೆ. ಎಲ್ಲರೂ ಮಲಗಿರುತ್ತಾರೆಂದು ಸಾಮಾನ್ಯವಾಗಿ ರಾತ್ರಿ 2 ಗಂಟೆಗೆ ಇಟ್ಟಿರುತ್ತಾರೆ. ಆದರೆ ನಮ್ಮ ಮನೆಗಳಲ್ಲಿ ತಹಜ್ಜುದ್‌ಗೆ ಏಳುವವರಿರುತ್ತಾರೆ. ರಮಝಾನಿನಲ್ಲಿ ಇಡೀ ಮನೆ ಸಹರಿಗೆ ಎದ್ದಿರುತ್ತದೆ. ಆ ತಿಂಗಳು ತರಾವೀಹ್ ಮುಗಿದು ಎಲ್ಲರೂ ಮಲಗಿದ ಮೇಲೆ, ರಾತ್ರಿ 12ಕ್ಕೆ ಇಡುವುದು ಸೂಕ್ತ. ಕರೆಂಟು ಹೋಗಿ ಬಂದಾಗಲೆಲ್ಲ ಗಡಿಯಾರ ಸರಿ ಇದೆಯೇ ನೋಡಿ. ಮನೆಗೆ ನೆಂಟರು ಬಂದು ನೀರು ಹೆಚ್ಚು ಖರ್ಚಾಗುವ ಈದ್ ದಿನಗಳಲ್ಲಿ, ದಿನದ ಲೆಕ್ಕದ ಯಂತ್ರವಾದರೆ ಹಿಂದಿನ ರಾತ್ರಿ ಒಂದು ತೊಳೆತ ಕೈಯಾರೆ ಮಾಡಿ.

6. ಬೆರಕೆಯ ಸ್ಕ್ರೂ. ಕೆಲವು ವಾಲ್ವ್‌ಗಳಲ್ಲಿ ಸ್ವಲ್ಪ ಗಡಸು ನೀರನ್ನು ಮೆದು ನೀರಿಗೆ ಬೆರೆಸುವ ಸ್ಕ್ರೂ ಇರುತ್ತದೆ. ಗಡಸುತನ ಪೂರ್ತಿ ಸೊನ್ನೆಯಾಗಬೇಕಿಲ್ಲ. 50ರಿಂದ 100 ಉಳಿಸಿಕೊಂಡರೆ ಸೋಪಿನ ನೊರೆಯೂ ಬರುತ್ತದೆ, ಮೈ ಜಾರಿದಂತೆಯೂ ಅನಿಸುವುದಿಲ್ಲ, ಉಪ್ಪೂ ಉಳಿಯುತ್ತದೆ.

ಕೈಯಿಂದ ತಿರುಗಿಸುವ ಮಾದರಿಯವರಿಗೂ ಲೆಕ್ಕ ಇದೇ. ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಉಪ್ಪನ್ನು ತೂಗಿ ಹಾಕಿ. ಪುಡಿ ಉಪ್ಪು ಬೇಡ, ಅದು ಕೆಸರಾಗುತ್ತದೆ. ಸ್ವಚ್ಛವಾದ ಕಲ್ಲುಪ್ಪು ಅಥವಾ ಸಾಫ್ಟ್‌ನರಿನ ಗುಳಿಗೆ ಉಪ್ಪು ಒಳ್ಳೆಯದು. ಡ್ರಮ್ಮಿನ ಉಪ್ಪು ತಿಂಗಳುಗಟ್ಟಲೆ ಇಳಿಯದಿದ್ದರೆ ಮೇಲೆ ಗಟ್ಟಿಯಾಗಿ ಸೇತುವೆ ಕಟ್ಟಿದೆ ಎಂದರ್ಥ. ಮರದ ಕೋಲಿನಿಂದ ಮೆಲ್ಲಗೆ ಒಡೆಯಿರಿ. ಸೋಡಿಯಂ ಬೇಡವೆಂದು ಪೊಟ್ಯಾಷಿಯಂ ಉಪ್ಪು ಬಳಸುವವರೂ ಇದ್ದಾರೆ. ಮನೆಯಲ್ಲಿ ಮೂತ್ರಪಿಂಡದ ರೋಗಿ ಇದ್ದರೆ ಆ ನೀರು ಅವರ ಹೊಟ್ಟೆಗೆ ಹೋಗದಂತೆ ನೋಡಿ, ಪೊಟ್ಯಾಷಿಯಂ ಅವರಿಗೆ ಅಪಾಯ.

ಕೂದಲು, ಚರ್ಮ, ಕಲ್ಲು

"ಸಾಫ್ಟ್‌ನರ್ ಹಾಕಿಸಿದರೆ ಕೂದಲು ಉದುರುವುದು ನಿಲ್ಲುತ್ತದೆಯೇ?" ದವಾಖಾನೆಯಲ್ಲಿ ದಿನವೂ ಕೇಳುವ ಪ್ರಶ್ನೆ. ಗಡಸು ನೀರಿನಲ್ಲಿ ಸೋಪು ಅಂಟಂಟಾದ ಗಸಿಯಾಗಿ ಕೂದಲಿನ ಮೇಲೆ ಕೂರುತ್ತದೆ. ಕೂದಲು ಒರಟಾಗಿ ಸಿಕ್ಕಾಗಿ ತುಂಡಾಗಬಹುದು. ಮೆದು ನೀರಿನಿಂದ ಇದು ಕಡಿಮೆಯಾಗುತ್ತದೆ. ಆದರೆ ಬುಡದಿಂದ ಉದುರುವ ಕೂದಲಿಗೆ ರಕ್ತಹೀನತೆ, ಥೈರಾಯ್ಡ್, ವಂಶದ ಗುಣ ಇಂಥ ಕಾರಣಗಳನ್ನು ಹುಡುಕಬೇಕು.

ಮಕ್ಕಳ ಎಕ್ಸಿಮಾ ಕುರಿತು ಇಂಗ್ಲೆಂಡಿನಲ್ಲಿ 336 ಮಕ್ಕಳ ಮೇಲೆ ದೊಡ್ಡ ಪರೀಕ್ಷೆ ನಡೆದು 2011ರಲ್ಲಿ ಪ್ರಕಟವಾಯಿತು. ಅರ್ಧ ಮಕ್ಕಳ ಮನೆಗೆ ಸಾಫ್ಟ್‌ನರ್ ಹಾಕಿ 12 ವಾರ ನೋಡಿದರು. ಚರ್ಮದ ಪರೀಕ್ಷೆಯಲ್ಲಿ ಅದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಆದ್ದರಿಂದ ಎಕ್ಸಿಮಾ ವಾಸಿಯಾಗಲೆಂದೇ ಸಾಲ ಮಾಡಿ ಯಂತ್ರ ಕೊಳ್ಳಬೇಡಿ. ಮೂತ್ರಪಿಂಡದ ಕಲ್ಲಿಗೂ ಗಡಸು ನೀರೇ ಕಾರಣ ಎಂದು ಸಾಬೀತಾಗಿಲ್ಲ. ನೀರು ಕಡಿಮೆ ಕುಡಿಯುವುದು ಅದಕ್ಕಿಂತ ದೊಡ್ಡ ಕಾರಣ.

ಇನ್ನೊಂದು ಮಾತು. ಸಾಫ್ಟ್‌ನರ್ ಬಂದ ಮೇಲೂ ಮೊದಲಿನಷ್ಟೇ ಸೋಪಿನ ಪುಡಿ ಹಾಕುವ ಮನೆಗಳಲ್ಲಿ ತುರಿಕೆ ಶುರುವಾಗುವುದನ್ನು ನೋಡಿದ್ದೇನೆ. ಮೆದು ನೀರಿನಲ್ಲಿ ಅರ್ಧದಷ್ಟು ಪುಡಿ ಸಾಕು. ಹೆಚ್ಚಾದದ್ದು ಬಟ್ಟೆಯಲ್ಲಿ ಉಳಿದು ಮೈಗೆ ತಾಗುತ್ತದೆ.

ಆ ಉಪ್ಪೆಲ್ಲ ಎಲ್ಲಿಗೆ ಹೋಗುತ್ತದೆ?

ಖಾಲಾ ಅವರ ಮನೆಯಲ್ಲಿ ಪ್ರತಿ ರಾತ್ರಿ 4 ಕೆ.ಜಿ. ಉಪ್ಪಿನಿಂದ ತೊಳೆತವಾಗುತ್ತಿತ್ತು. ತಿಂಗಳಿಗೆ 120 ಕೆ.ಜಿ. ಲೆಕ್ಕ ಸರಿಪಡಿಸಿದ ಮೇಲೆ ಎರಡು ದಿನಕ್ಕೊಮ್ಮೆ ಎರಡೂವರೆ ಕೆ.ಜಿ., ತಿಂಗಳಿಗೆ 38 ಕೆ.ಜಿ. ಒಳಗೆ. ಒಂದೊಂದು ತೊಳೆತಕ್ಕೆ ಸುಮಾರು 200 ಲೀಟರ್ ನೀರು ಮೋರಿಗೆ ಹೋಗುತ್ತದೆ. ತಿಂಗಳಿಗೆ 15 ತೊಳೆತ ಕಡಿಮೆಯಾದರೆ 3000 ಲೀಟರ್ ಉಳಿಯಿತು, ಅಂದರೆ ಅರ್ಧ ಟ್ಯಾಂಕರ್.

ಒಳಚರಂಡಿ ಇಲ್ಲದ ಬೀದಿಗಳಲ್ಲಿ ಈ ಉಪ್ಪುನೀರು ಇಂಗುಗುಂಡಿಗೆ ಇಳಿದು ನಮ್ಮದೇ ಬೋರಿನ ಕಡೆಗೆ ಹೋಗುತ್ತದೆ. ಒಳಚರಂಡಿ ಇದ್ದರೂ ಶುದ್ಧೀಕರಣ ಘಟಕ ಉಪ್ಪನ್ನು ತೆಗೆಯುವುದಿಲ್ಲ. ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ಚಿಕ್ಕಬಳ್ಳಾಪುರದ ಕೆರೆಗಳಿಗೆ ಹೋಗುತ್ತಿದೆ. ನಾವು ಮೋರಿಗೆ ಬಿಡುವ ಉಪ್ಪು ಯಾರ ಹೊಲದವರೆಗೆ ಹೋದೀತು ಎಂದು ಯೋಚಿಸಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಿಟಾ ಎಂಬ ಊರಿನಲ್ಲಿ ನದಿಗೆ ಉಪ್ಪು ಸೇರುತ್ತದೆಂದು 2008ರಲ್ಲಿ ಜನರೇ ಮತ ಹಾಕಿ ಉಪ್ಪಿನ ಸಾಫ್ಟ್‌ನರನ್ನು ಮನೆಗಳಿಂದ ತೆಗೆಸಿದರು.

ಪ್ರವಾದಿ(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮುಗಿಸುತ್ತಿದ್ದರೆಂದು ಹದೀಸಿನಲ್ಲಿದೆ. ಮುದ್ದ್ ಎಂದರೆ ಎರಡೂ ಕೈ ಕೂಡಿಸಿದ ಒಂದು ಬೊಗಸೆಯಷ್ಟು, ಒಂದು ಲೀಟರಿಗಿಂತಲೂ ಕಡಿಮೆ. ನಾವೋ ನಲ್ಲಿ ಬಿಟ್ಟುಕೊಂಡು ದಿನಕ್ಕೆ ಐದು ಬಾರಿ ಅದರ ಎಷ್ಟು ಪಟ್ಟು ಹರಿಸುತ್ತೇವೆ? ಮೆದು ನೀರಿನಲ್ಲಿ ಕೈ ಜಾರಿದಂತೆ ಅನಿಸಿ, ಸೋಪು ಹೋಗಿಲ್ಲವೆಂದು ಇನ್ನಷ್ಟು ಹರಿಸುವವರೂ ಇದ್ದಾರೆ. ಅದು ಮೆದು ನೀರಿನ ಗುಣ, ಸೋಪಲ್ಲ. ನಲ್ಲಿಯನ್ನು ಅರ್ಧ ತೆರೆದರೆ ತೊಳೆತವೂ ಕಡಿಮೆ, ಉಪ್ಪೂ ಕಡಿಮೆ.

ಖಾಲಾ ಹೇಗಿದ್ದಾರೆ?

ಅಂದೇ ಅವರನ್ನು ಅವರ ಡಾಕ್ಟರ ಬಳಿಗೆ ಕಳಿಸಿದೆ. ಬಿ.ಪಿ. ಮಾತ್ರೆಯನ್ನು ನಾನು ನಿಲ್ಲಿಸಲೂ ಇಲ್ಲ, ಬದಲಿಸಲೂ ಇಲ್ಲ. ನೀವೂ ಯಾರ ಮಾತು ಕೇಳಿಯೂ ಅದನ್ನು ನಿಲ್ಲಿಸಬೇಡಿ. ಚಹಾಕ್ಕೂ ಅಡುಗೆಗೂ ಆರ್‌ಓ ನೀರು ಬಳಸಲು ಹೇಳಿದೆ. ಯಂತ್ರದ ಗಡಿಯಾರ, ತೊಳೆತ, ಉಪ್ಪಿನ ಲೆಕ್ಕವನ್ನು ಮೊಮ್ಮಗ ಸರಿಮಾಡಿದ. ಕೆಲವು ವಾರಗಳಲ್ಲಿ ಪಾದದ ಊತ ಇಳಿಯಿತು, ಬಿ.ಪಿ.ಯೂ ಹತೋಟಿಗೆ ಬಂತು. ಡಾಕ್ಟರು ಮಾತ್ರೆಯನ್ನೂ ಸ್ವಲ್ಪ ಬದಲಿಸಿದ್ದರು, ಆದ್ದರಿಂದ ಎಲ್ಲವೂ ನೀರಿನಿಂದಲೇ ಆಯಿತು ಎನ್ನಲಾರೆ. ಆದರೆ ಸೊಸೆ ಸಾರಿನ ಉಪ್ಪನ್ನು ಎಷ್ಟು ಎಚ್ಚರದಿಂದ ಕಡಿಮೆ ಮಾಡಿದ್ದರೂ ನಲ್ಲಿಯಿಂದ ಬರುತ್ತಿದ್ದ ಉಪ್ಪನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಯೂನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಅಗತ್ಯವಾದ ಆರು ಸಂಗತಿಗಳಲ್ಲಿ ಅನ್ನಪಾನವೂ ಒಂದು. ಇಂದು ಸಂಜೆ ಐದು ನಿಮಿಷ ಬಿಡುವು ಮಾಡಿಕೊಂಡು ನಿಮ್ಮ ಸಾಫ್ಟ್‌ನರಿನ ಮುಂದೆ ನಿಲ್ಲಿ. ಗಡಿಯಾರ ಸರಿಯೇ? ಗಡಸುತನದ ಅಂಕಿ ನಿಮ್ಮ ನೀರಿನದೇ? ಎಷ್ಟು ದಿನಕ್ಕೊಮ್ಮೆ ಎಷ್ಟು ಉಪ್ಪು ಹೋಗುತ್ತಿದೆ? ಅಡುಗೆಮನೆಗೆ ಯಾವ ನೀರು ಬರುತ್ತಿದೆ? ಈ ನಾಲ್ಕಕ್ಕೂ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರದ ಮೇಲೆಯೇ ಅಂಟಿಸಿ. ಮನೆಯ ಹಿರಿಯರು ಚಹಾ ಉಪ್ಪಾಗಿದೆ ಎಂದರೆ ನಾಲಿಗೆ ಕೆಟ್ಟಿದೆ ಎನ್ನಬೇಡಿ, ಮೊದಲು ನೀರನ್ನು ನೋಡಿ.